ಕೊಳಲಿನ ಒಗಟು ಮತ್ತು ಮಕ್ಕಳ ಪುಸ್ತಕ: ಒಂದು ಅಧ್ಯಯನ ಟಿಪ್ಪಣಿ

ವಾದ್ಯವೊಂದನ್ನು ಕುರಿತು ಮಕ್ಕಳಿಗಾಗಿ ಬರೆಯುವವರು ಸಾಮಾನ್ಯವಾಗಿ ಅದರ ಆಕಾರದಿಂದ ತೊಡಗುತ್ತಾರೆ. ಕೊಳಲು ಉದ್ದವಾಗಿದೆ, ಅದಕ್ಕೆ ರಂಧ್ರಗಳಿವೆ, ಊದಿದರೆ ಇಂಪಾದ ದನಿ ಬರುತ್ತದೆ ಎಂಬ ಮೂರು ಮಾತುಗಳನ್ನು ಹೇಳಿ, ಕೊನೆಗೆ ‘ನಾನು ಯಾರು?’ ಎಂದು ಸೇರಿಸಿದರೆ ಒಗಟು ಸಿದ್ಧವಾಯಿತೆಂದು ಭಾವಿಸುವುದುಂಟು. ಮೂರು ನಾಲ್ಕು ವರ್ಷದ ಮಗುವಿಗೆ ಇಷ್ಟೂ ಸಾಕಾಗಬಹುದು. ಆದರೆ ಸ್ವಲ್ಪ ದೊಡ್ಡ ಮಗುವಿಗೆ ಇದರಲ್ಲಿ ಬಿಡಿಸಲು ಏನೂ ಇರುವುದಿಲ್ಲ. ವಾದ್ಯದ ಒಳ್ಳೆಯ ಒಗಟು ಆ ವಾದ್ಯ ದನಿ ಮಾಡುವ ಬಗೆಯಿಂದ ಹುಟ್ಟುತ್ತದೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ಅದನ್ನು ಕೊಳಲನ್ನೇ ಉದಾಹರಣೆಯಾಗಿ ಇಟ್ಟುಕೊಂಡು ಇಲ್ಲಿ ವಿವರಿಸುತ್ತೇನೆ.

ನಿಜವಾದ ಸಂಗತಿಗಳನ್ನು ಅಸಾಧ್ಯವೆಂದು ತೋರುವಂತೆ ಜೋಡಿಸಿ ಹೇಳುವುದೇ ಒಗಟಿನ ತಿರುಳು ಎಂದು ಅರಿಸ್ಟಾಟಲ್ ತನ್ನ ಕಾವ್ಯಮೀಮಾಂಸೆಯಲ್ಲಿ ಹೇಳಿದ್ದಾನೆ. ಜಾನಪದ ವಿದ್ವಾಂಸರಾದ ರಾಬರ್ಟ್ ಜಾರ್ಜಸ್ ಮತ್ತು ಅಲನ್ ಡಂಡಿಸ್ 1963ರ ತಮ್ಮ ಲೇಖನದಲ್ಲಿ ಒಗಟುಗಳನ್ನು ವೈರುಧ್ಯವುಳ್ಳವು ಮತ್ತು ವೈರುಧ್ಯವಿಲ್ಲದವು ಎಂದು ಎರಡಾಗಿ ವಿಂಗಡಿಸಿದರು. ಮೇಲೆ ಹೇಳಿದ ಮೂರು ಮಾತಿನ ಒಗಟು ಎರಡನೆಯ ಗುಂಪಿಗೆ ಸೇರುತ್ತದೆ. ಅಲ್ಲಿ ಒಂದು ಮಾತು ಇನ್ನೊಂದಕ್ಕೆ ಎದುರಾಗುವುದಿಲ್ಲ. ಅರಿಸ್ಟಾಟಲ್ ಹೇಳಿದ ಅಸಾಧ್ಯತೆ ಬೇಕೆಂದರೆ ಎದುರಾಗುವ ಎರಡು ನಿಜಗಳು ಬೇಕು, ಮತ್ತು ಅವನ್ನು ಹುಡುಕಲು ಕೊಳಲಿನ ಒಳಗೆ ನಡೆಯುವುದೇನೆಂದು ತಿಳಿದಿರಬೇಕು.

ಕೊಳಲನ್ನು ನುಡಿಸುವವರು ಗಾಳಿಯನ್ನು ನೇರವಾಗಿ ಒಳಕ್ಕೆ ತುಂಬುವುದಿಲ್ಲ. ತುಟಿಗಳ ನಡುವಿನಿಂದ ಹೊರಟ ತೆಳುವಾದ ಗಾಳಿಯ ಧಾರೆ ಬಾಯಿರಂಧ್ರದ ಆಚೆಯ ಅಂಚಿಗೆ ತಗುಲಿ, ಒಮ್ಮೆ ಒಳಕ್ಕೂ ಒಮ್ಮೆ ಹೊರಕ್ಕೂ ಅತಿ ವೇಗವಾಗಿ ತೂಗಾಡುತ್ತದೆ. ಆ ತೂಗಾಟಕ್ಕೆ ಕೊಳವೆಯೊಳಗಿನ ಗಾಳಿ ಕಂಪಿಸುತ್ತದೆ. ನಾವು ಕೇಳುವ ಸ್ವರ ಆ ಕಂಪನದ್ದು, ಕೊಳವೆಯ ಗೋಡೆಯದ್ದಲ್ಲ. ಬೆರಳಿನ ರಂಧ್ರಗಳನ್ನೆಲ್ಲ ಮುಚ್ಚಿದಾಗ ಕಂಪಿಸುವ ಗಾಳಿಯ ಉದ್ದ ಹೆಚ್ಚು, ಆದ್ದರಿಂದ ಸ್ವರ ತಗ್ಗಿನದು. ತುದಿಯ ಕಡೆಯಿಂದ ಒಂದೊಂದೇ ಬೆರಳನ್ನು ಎತ್ತುತ್ತ ಬಂದರೆ ಆ ಉದ್ದ ಮೊಟಕಾಗುತ್ತ ಸ್ವರ ಏರುತ್ತದೆ. ಉದ್ದ ಅರ್ಧಕ್ಕಿಳಿದರೆ ಸ್ವರ ಹೆಚ್ಚುಕಡಿಮೆ ಒಂದು ಸ್ಥಾಯಿ ಮೇಲಕ್ಕೆ ಹೋಗುತ್ತದೆ. ಬೆರಳುಗಳನ್ನು ಕದಲಿಸದೆ ಗಾಳಿಯ ಧಾರೆಯನ್ನು ಮಾತ್ರ ಬಿರುಸಾಗಿಸಿದರೂ ಮೇಲಿನ ಸ್ಥಾಯಿಯ ಅದೇ ಸ್ವರ ಬರುತ್ತದೆ.

ಇಷ್ಟು ತಿಳಿದ ಮೇಲೆ ಒಗಟಿಗೆ ಬೇಕಾದ ಸಾಮಗ್ರಿ ತಾನಾಗಿ ಕಾಣತೊಡಗುತ್ತದೆ. ಅಭ್ಯಾಸಕ್ಕೆಂದು ನಾನು ಕಟ್ಟಿದ ಒಂದು ಒಗಟು ಹೀಗಿದೆ:

ಒಡಲು ಬರಿದು, ಮೈತುಂಬ ಕಣ್ಣು;
ಕಣ್ಣು ಮುಚ್ಚಿದರೆ ದನಿ ಇಳಿಯುವುದು,
ಕಣ್ಣು ತೆರೆದರೆ ದನಿ ಏರುವುದು.

ಇದನ್ನು ಪರೀಕ್ಷಿಸುವ ಕ್ರಮವೇ ಕಲಿಯುವವರಿಗೆ ಹೆಚ್ಚು ಉಪಯುಕ್ತವಾದುದು. ಪ್ರತಿಯೊಂದು ಸಾಲನ್ನು ಓದಿದಾಗಲೂ ಬೇರೆ ಯಾವ ಉತ್ತರಗಳು ಹೊಂದುತ್ತವೆ ಎಂದು ಕೇಳಿಕೊಳ್ಳಬೇಕು. ‘ಒಡಲು ಬರಿದು’ ಎಂಬುದಕ್ಕೆ ಮಡಕೆಯೂ ಮದ್ದಳೆಯೂ ಹೊಂದುತ್ತವೆ. ‘ಮೈತುಂಬ ಕಣ್ಣು’ ಎಂದೊಡನೆ ಅವೆರಡೂ ಬಿದ್ದುಹೋಗಿ ಜರಡಿ ಮುಂದೆ ಬರುತ್ತದೆ. ದನಿಯ ಮಾತು ಬಂದಾಗ ಜರಡಿಯೂ ಹೋಗುತ್ತದೆ. ಇಷ್ಟಾದರೂ ಶಹನಾಯಿ, ಕ್ಲಾರಿನೆಟ್‌ಗಳು ಉಳಿದೇ ಇರುತ್ತವೆ, ಏಕೆಂದರೆ ಅವುಗಳಿಗೂ ಬೆರಳಿನ ರಂಧ್ರಗಳಿವೆ. ಮಗು ಶಹನಾಯಿ ಎಂದು ಉತ್ತರ ಕೊಟ್ಟರೆ ಅದನ್ನು ತಪ್ಪೆನ್ನಲು ನಮಗೆ ಹಕ್ಕಿಲ್ಲ, ತಪ್ಪಿರುವುದು ಒಗಟಿನಲ್ಲಿ. ಆ ವಾದ್ಯಗಳಲ್ಲಿ ರೀಡ್ ಎಂಬ, ನಾಲಿಗೆಯಂತಹ ತೆಳುವಾದ ಪಟ್ಟಿ ಕಂಪಿಸಿ ದನಿ ಹುಟ್ಟಿಸುತ್ತದೆ, ಕೊಳಲಿನಲ್ಲಿ ಗಾಳಿಯ ಧಾರೆಯೇ ಆ ಕೆಲಸ ಮಾಡುತ್ತದೆ. ಆದ್ದರಿಂದ ‘ನಾಲಿಗೆಯಿಲ್ಲದೆ ಹಾಡುವೆ’ ಎಂಬ ಇನ್ನೊಂದು ಸಾಲನ್ನು ಸೇರಿಸಿದರೆ ಉತ್ತರ ಕೊಳಲಿನ ಬಳಗದೊಳಗೇ ನಿಲ್ಲುತ್ತದೆ, ಮತ್ತು ಆ ಸಾಲು ಹೊಸದೊಂದು ವೈರುಧ್ಯವನ್ನೂ ತರುತ್ತದೆ. ಇಲ್ಲಿ ‘ಊದು’ ಎಂಬ ಕ್ರಿಯಾಪದ ಎಲ್ಲಿಯೂ ಬಂದಿಲ್ಲವೆಂಬುದನ್ನು ಗಮನಿಸಬೇಕು. ಅದು ಬಂದೊಡನೆ ಮಿಕ್ಕ ಸಾಲುಗಳೆಲ್ಲ ವ್ಯರ್ಥವಾಗುತ್ತವೆ.

ವಾದ್ಯ ಯಾವುದರಿಂದ ಆಯಿತು ಎಂಬುದು ಒಗಟಿನ ಇನ್ನೊಂದು ಹಳೆಯ ಬೇರು. ಪ್ರಾಚೀನ ಗ್ರೀಕರ ಲೈರ್ ಎಂಬ ತಂತಿವಾದ್ಯದ ಒಡಲು ಆಮೆಯ ಚಿಪ್ಪಿನದು. ಲ್ಯಾಟಿನ್ ಕವಿ ಸಿಂಫೋಸಿಯಸ್ ರಚಿಸಿದ, ಮೂರು ಮೂರು ಸಾಲುಗಳ 100 ಒಗಟುಗಳಲ್ಲಿ ಆಮೆಯದೂ ಒಂದು. ಬದುಕಿದ್ದಾಗ ಏನೂ ನುಡಿಯದ ತಾನು ಸತ್ತ ಮೇಲೆ ಹಾಡುತ್ತೇನೆ ಎಂದು ಅಲ್ಲಿ ಆಮೆ ಹೇಳುತ್ತದೆ. ಈ ಚೌಕಟ್ಟು ಕೊಳಲಿಗೂ ಸೊಗಸಾಗಿ ಒಪ್ಪುತ್ತದೆ. ಜರ್ಮನಿಯ ನೈಋತ್ಯ ಭಾಗದ ಹೋಲೆ ಫೆಲ್ಸ್ ಗುಹೆಯಲ್ಲಿ 2008ರಲ್ಲಿ ದೊರೆತ, 35,000 ವರ್ಷಗಳಿಗೂ ಹಳೆಯದಾದ ಕೊಳಲನ್ನು ರಣಹದ್ದಿನ ರೆಕ್ಕೆಯ ಮೂಳೆಯಿಂದ ಮಾಡಲಾಗಿದೆ. ಅದರಲ್ಲಿ ಬೆರಳಿಗೆ ಐದು ರಂಧ್ರಗಳಿವೆ. ರೆಕ್ಕೆಯ ಮೂಳೆ ಸಹಜವಾಗಿಯೇ ಹಗುರ ಮತ್ತು ಟೊಳ್ಳು, ಹದ್ದಾದರೋ ಇಂಪಾಗಿ ಹಾಡುವ ಹಕ್ಕಿಯಲ್ಲ. ಈ ಎರಡು ನಿಜಗಳನ್ನು ಸೇರಿಸಿದರೆ ಒಗಟು ಹೀಗಾಗುತ್ತದೆ:

ಇದ್ದಾಗ ಹಾರಿದೆ, ಹಾಡಲಿಲ್ಲ;
ಸತ್ತ ಮೇಲೆ ಹಾಡಿದೆ, ಹಾರಲಿಲ್ಲ.

ಇದು ಎಂಟು ಹತ್ತು ವರ್ಷದ ಮಕ್ಕಳಿಗೆ ತಕ್ಕುದು. ಮೂಳೆಯ ಕೊಳಲಿನ ಕಥೆಯನ್ನು ಪುಸ್ತಕ ಮೊದಲೇ ಹೇಳಿರದಿದ್ದರೆ ಯಾರಿಗೂ ಬಿಡಿಸಲಾಗದು. ಆದ್ದರಿಂದ ಇಂತಹ ಒಗಟಿನ ಜಾಗ ಪುಸ್ತಕದ ಕೊನೆಯ ಭಾಗದಲ್ಲಿ.

ಉತ್ತರವನ್ನು ಎಲ್ಲಿ ಇಡಬೇಕೆಂಬ ಪ್ರಶ್ನೆಯೂ ಹಳೆಯದೇ. ಸಿಂಫೋಸಿಯಸನ ಒಗಟುಗಳಿಗೆ ಉತ್ತರವೇ ಶೀರ್ಷಿಕೆಯಾಗಿದೆ. ಇಂಗ್ಲೆಂಡಿನ ಎಕ್ಸೆಟರ್‌ನಲ್ಲಿರುವ 10ನೆಯ ಶತಮಾನದ ಹಸ್ತಪ್ರತಿಯಲ್ಲಿ 90ಕ್ಕೂ ಹೆಚ್ಚು ಒಗಟುಗಳಿದ್ದು, ಉತ್ತರಗಳನ್ನು ಕೊಟ್ಟಿಲ್ಲ. ಅವುಗಳಲ್ಲಿ ಕೆಲವುಗಳ ಬಗೆಗೆ ವಿದ್ವಾಂಸರು ಇಂದಿಗೂ ವಾದಿಸುತ್ತಾರೆ. ಮಕ್ಕಳ ಚಿತ್ರಪುಸ್ತಕಕ್ಕೆ ಇವೆರಡರ ನಡುವಿನ ದಾರಿಯಿದೆ. ಒಗಟನ್ನು ಬಲಗಡೆಯ ಪುಟದಲ್ಲಿಟ್ಟು, ಹಾಳೆ ತಿರುವಿದ ಮೇಲೆಯೇ ಉತ್ತರ ಕಾಣುವಂತೆ ಮಾಡಿದರೆ, ಯೋಚಿಸಲು ಬೇಕಾದ ಬಿಡುವು ಮಗುವಿನ ಕೈಯಲ್ಲೇ ಇರುತ್ತದೆ. ಚಿತ್ರಪುಸ್ತಕಗಳು ಸಾಮಾನ್ಯವಾಗಿ 32 ಪುಟಗಳಿಗೆ ಸೀಮಿತವಾಗಿರುವುದರಿಂದ ಪುಟಗಳ ಈ ಲೆಕ್ಕವನ್ನು ಬರೆಯುವ ಮೊದಲೇ ಹಾಕಿಕೊಳ್ಳಬೇಕಾಗುತ್ತದೆ.

ಚಿತ್ರದ ವಿಷಯದಲ್ಲಿ ಎರಡು ಎಚ್ಚರಿಕೆಗಳು ಅಗತ್ಯ. ಒಗಟಿನ ಪುಟದ ಮೂಲೆಯಲ್ಲಿ ಅಲಂಕಾರಕ್ಕೆಂದು ಕೊಳಲು ಬರೆದರೆ ಓದಲು ಬಾರದ ಮಗುವೂ ಉತ್ತರ ಹೇಳಿಬಿಡುತ್ತದೆ. ಎರಡನೆಯದಾಗಿ, ಅಡ್ಡ ಹಿಡಿಯುವ ಕೊಳಲು ಸಾಮಾನ್ಯವಾಗಿ ನುಡಿಸುವವರ ಬಲಕ್ಕೆ ಚಾಚಿರುತ್ತದೆ. ಪುಟದ ವಿನ್ಯಾಸಕ್ಕಾಗಿ ಚಿತ್ರವನ್ನು ಎಡಬಲ ಮಾಡಿದಾಗ ಕೊಳಲೂ ತಿರುಗಿಬಿಡುತ್ತದೆ. ವಾದ್ಯವನ್ನು ಪ್ರೀತಿಸುವ ಮಗುವಿಗೆ ಆ ತಪ್ಪು ಕಾಣದೆ ಇರುವುದಿಲ್ಲ.

ಉತ್ತರದ ಪುಟದಲ್ಲಿ ಕೊಳಲಿನ ತತ್ತ್ವವನ್ನು ಮಗು ತಾನೇ ಮಾಡಿ ನೋಡುವ ಒಂದು ಚಟುವಟಿಕೆ ಇದ್ದರೆ ಉತ್ತಮ. ಬಾಟಲಿಯ ಬಾಯಿಯ ಅಂಚಿಗೆ ಅಡ್ಡಲಾಗಿ ಊದಿದರೆ ದನಿ ಬರುತ್ತದೆ. ನೀರು ಹಾಕುತ್ತ ಹೋದಂತೆ ಒಳಗಿನ ಗಾಳಿಯ ಜಾಗ ಕಿರಿದಾಗಿ ದನಿ ಏರುತ್ತದೆ. ಸೂಚನೆಯನ್ನು ಮಾತ್ರ ಬಹಳ ಸ್ಪಷ್ಟವಾಗಿ ಬರೆಯಬೇಕು. ಅದೇ ಗಾಜಿನ ಬಾಟಲಿಯನ್ನು ಊದುವ ಬದಲು ಚಮಚದಿಂದ ತಟ್ಟಿದರೆ ಕಂಪಿಸುವುದು ಗಾಜು ಮತ್ತು ನೀರು. ಆಗ ನೀರು ಹೆಚ್ಚಿದಂತೆ ದನಿ ಇಳಿಯುತ್ತದೆ. ‘ನುಡಿಸಿ ನೋಡು’ ಎಂದಷ್ಟೇ ಬರೆದರೆ ಅರ್ಧದಷ್ಟು ಮಕ್ಕಳಿಗೆ ಪುಸ್ತಕ ಹೇಳಿದ್ದಕ್ಕೆ ತದ್ವಿರುದ್ಧವಾದದ್ದು ಕೇಳಿಸಬಹುದು.