ಮಬ್ಬು ಟ್ಯೂಬಿನದಲ್ಲ, ಮಳೆಯದು

ಕೊಡಗಿನಲ್ಲಿ ಕಕ್ಕಡ ಮಾಸದ ಮಳೆಯಲ್ಲಿ ಹಳೆಯ ಡಬ್ಬಾ ಟಿವಿ ಹಾಕಿದರೆ ಚಿತ್ರ ಮಂಜಿನಾಚೆಯಿಂದ ನೋಡಿದ ಹಾಗೆ ಮಬ್ಬು. ವಾರ್ತೆಯ ಕೆಳಗೆ ಓಡುವ ಅಕ್ಷರಗಳು ಒಂದರೊಳಗೊಂದು ಕಲಸಿಹೋಗಿರುತ್ತವೆ. ಇಪ್ಪತ್ತು ನಿಮಿಷ ಬಿಟ್ಟರೆ ತಾನೇ ತಿಳಿಯಾಗುತ್ತದೆ, ಮರುದಿನ ಬೆಳಿಗ್ಗೆ ಮತ್ತೆ ಅದೇ ಪಾಡು. 'ಪಿಕ್ಚರ್ ಟ್ಯೂಬ್ ವೀಕ್ ಆಗಿದೆ' ಎಂದು ಯಾರೋ ಹೇಳುತ್ತಾರೆ, ಸೆಟ್ಟು ಗುಜರಿಗೆ ಹೋಗುತ್ತದೆ. ಆ ಮಾತು ಬಹಳ ಸಲ ತಪ್ಪು. ಟ್ಯೂಬು ನಿಜಕ್ಕೂ ದಣಿದಿದ್ದರೆ ಕಡಿಮೆಯಾಗುವುದು ಬೆಳಕು: ಚಿತ್ರ ಕಪ್ಪಿಡುತ್ತದೆ, ಬಿಳಿ ಭಾಗಗಳು ಬೆಳ್ಳಿ ಬಳಿದಂತೆ ಹರಡುತ್ತವೆ, ಒಂದು ಬಣ್ಣ ಸೊರಗುತ್ತದೆ. ಬೆಳಕು ಚೆನ್ನಾಗಿದ್ದು ಅಕ್ಷರ ಮಾತ್ರ ಹರಡಿದ್ದರೆ ದೋಷ ಟ್ಯೂಬಿನದಲ್ಲ, ಅದರ ಬಾಲಕ್ಕೆ ಸಿಕ್ಕಿಸಿದ ಸಣ್ಣ ಸಾಕೆಟ್ಟಿನದು.

ಗೋಡೆಗೆ ತೆಳು ಟಿವಿ ಬಂದಮೇಲೂ ಈ ಭಾರದ ಪೆಟ್ಟಿಗೆಯನ್ನು ಹುಡುಕಿಕೊಂಡು ಹೋಗುವವರಿದ್ದಾರೆ. ಅದು ಬರೀ ಬಾಲ್ಯದ ಮೋಹವಲ್ಲ. ಎಲ್‌ಸಿಡಿ ಪರದೆ ಒಂದು ಚಿತ್ರವನ್ನು ಮುಂದಿನ ಚಿತ್ರ ಬರುವ ತನಕ ಹಿಡಿದು ನಿಲ್ಲಿಸುತ್ತದೆ. ಓಡುವ ವಸ್ತುವಿನ ಹಿಂದೆ ಕಣ್ಣು ಸರಿಯುತ್ತಿರುವಾಗ ಚಿತ್ರ ನಿಂತೇ ಇರುವುದರಿಂದ ನಮಗೆ ಬಾಲದಂಥ ಮಸುಕು ಕಾಣುತ್ತದೆ. ಡಬ್ಬಾ ಟಿವಿಯಲ್ಲಿ ಪ್ರತಿ ಚುಕ್ಕೆಯೂ ಮಿಂಚಿ ಕೆಲವೇ ಕ್ಷಣಾಂಶದಲ್ಲಿ ಆರಿಹೋಗುತ್ತದೆ. ಹಳೆಯ ಕ್ಯಾಸೆಟ್ಟಿನ ಹಾಕಿ ಪಂದ್ಯವನ್ನು ಎರಡರಲ್ಲೂ ಹಾಕಿ ನೋಡಿ, ಡಿ ವೃತ್ತದೊಳಕ್ಕೆ ನುಗ್ಗುವ ಚೆಂಡು ಎಲ್ಲಿ ಚೆಂಡಾಗಿ ಕಾಣುತ್ತದೆ ಎಂದು ಗೊತ್ತಾಗುತ್ತದೆ. (ಹಾಕಿ ವಿಷಯದಲ್ಲಿ ಕೊಡಗಿನವರಿಗೆ ಸುಳ್ಳು ಹೇಳಿ ದಕ್ಕಿಸಿಕೊಳ್ಳಲಾಗದು.) ಟಿವಿ ಗೇಮ್ ಆಡುವವರಿಗೆ ಇನ್ನೊಂದು ಕಾರಣವಿದೆ. ಈ ಟಿವಿ ಚಿತ್ರವನ್ನು ಕೂಡಿಟ್ಟು ತೋರಿಸುವುದಿಲ್ಲ, ಸಂಕೇತ ಬಂದಂತೆ ಬಂದಂತೆ ಗೆರೆ ಎಳೆಯುತ್ತದೆ. ಗುಂಡಿ ಒತ್ತಿದ್ದಕ್ಕೂ ಪರದೆಯ ಮೇಲೆ ನೆಗೆದದ್ದಕ್ಕೂ ನಡುವೆ ಟಿವಿಯ ಕಡೆಯಿಂದ ತಡ ಎಂಬುದೇ ಇಲ್ಲ. ಬಾತುಕೋಳಿಗೆ ಗುರಿಯಿಡುವ ಆ ಹಳೆಯ ಪಿಸ್ತೂಲು ಎಲ್‌ಸಿಡಿ ಮುಂದೆ ಕುರುಡಾಗುವುದೂ ಈ ಕಾರಣಕ್ಕೇ.

1897ರಲ್ಲಿ ಜರ್ಮನಿಯ ಕಾರ್ಲ್ ಫರ್ಡಿನಂಡ್ ಬ್ರೌನ್ ಮಾಡಿದ ಕ್ಯಾಥೋಡ್ ಕಿರಣದ ನಳಿಗೆಯೇ ಈ ಪಿಕ್ಚರ್ ಟ್ಯೂಬಿನ ಅಜ್ಜ. ಕಲರ್ ಟಿವಿಯಲ್ಲಿ ಟ್ಯೂಬಿನ ಕುತ್ತಿಗೆಯೊಳಗಿನ ಗನ್ನಿನಿಂದ ಹೊರಟ ಎಲೆಕ್ಟ್ರಾನುಗಳನ್ನು ಸುಮಾರು 25,000 ವೋಲ್ಟ್ ಎಳೆದುಕೊಳ್ಳುತ್ತದೆ. ಅಷ್ಟು ಸೆಳೆತಕ್ಕೆ ಅವು ಬೆಳಕಿನ ಶೇ. 30ರಷ್ಟು ವೇಗ ಮುಟ್ಟುತ್ತವೆ. 1982ರಲ್ಲಿ ಬಣ್ಣದ ಪ್ರಸಾರ ಶುರುವಾದಾಗ ನಮ್ಮ ದೇಶ ಒಪ್ಪಿಕೊಂಡದ್ದು 625 ಗೆರೆಗಳ ಪಾಲ್ ಪದ್ಧತಿ. ಸೆಕೆಂಡಿಗೆ 25 ಪೂರ್ಣ ಚಿತ್ರ, ಅಂದರೆ 15,625 ಗೆರೆ. ಒಂದು ಗೆರೆಯಲ್ಲಿ ಚಿತ್ರ ಇರುವುದು 52 ಮೈಕ್ರೋಸೆಕೆಂಡ್ ಮಾತ್ರ. 21 ಇಂಚಿನ ಟಿವಿಯಲ್ಲಿ ಗೆರೆ ಎಳೆಯುವ ಬೆಳಕಿನ ಚುಕ್ಕೆ ಎಡದಿಂದ ಬಲಕ್ಕೆ ಸರಿಯುವ ವೇಗ ಸೆಕೆಂಡಿಗೆ ಏಳೂವರೆ ಕಿಲೋಮೀಟರ್ ದಾಟುತ್ತದೆ. ಅದೇ ವೇಗದಲ್ಲಿ ಮಡಿಕೇರಿಯಿಂದ ಹೊರಟರೆ ನಾಲ್ಕು ಸೆಕೆಂಡಿಗೆ ಕುಶಾಲನಗರ. ಟಿವಿ ಹಾಕಿದೊಡನೆ ಮಕ್ಕಳಿಗೆ ಕೇಳಿಸಿ ಅಜ್ಜನಿಗೆ ಕೇಳಿಸದ ಆ ಸಣ್ಣ ಸಿಳ್ಳೆಯೂ ಈ 15,625ರದೇ.

ಇನ್ನು ಸಾಕೆಟ್. ಟ್ಯೂಬಿನ ಕುತ್ತಿಗೆಯ ತುದಿಯಲ್ಲಿ ಒಂದು ಚಿಕ್ಕ ಬೋರ್ಡು ಸಿಕ್ಕಿಸಿರುತ್ತದೆ. ಅದರಲ್ಲಿರುವುದೇ ಈ ಸಾಕೆಟ್. ಅದರ ಪಿನ್ನುಗಳಲ್ಲಿ ಒಂದು, ಎಲೆಕ್ಟ್ರಾನ್ ಕಿರಣವನ್ನು ಚೂಪಾಗಿಸುವ ಫೋಕಸ್ ಪಿನ್, ಅದಕ್ಕೆ ಬರುವುದು 5ರಿಂದ 8 ಸಾವಿರ ವೋಲ್ಟ್. ಹೈ ವೋಲ್ಟೇಜ್ ಹುಟ್ಟಿಸುವ ಟ್ರಾನ್ಸ್‌ಫಾರ್ಮರ್ ಆದ ಎಲ್‌ಒಟಿಯಿಂದ (ಲೈನ್ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್) ಈ ವೋಲ್ಟೇಜು ಹತ್ತಾರು ಮೆಗಾಓಮ್ ತಡೆಯ ಮೂಲಕ ಇಳಿದು ಬರುತ್ತದೆ. ಸಾಕೆಟ್ಟಿನೊಳಗೆ ತೇವ ಸೇರಿ, ಲೋಹ ಹಸಿರು ಕಿಲುಬು ಬಿಟ್ಟು, ಹತ್ತು ಮೈಕ್ರೋಆಂಪಿಯರ್ ಸೋರಿತು ಅನ್ನಿ. 50 ಮೆಗಾಓಮ್ ತಡೆಯಲ್ಲಿ ಅಷ್ಟರಿಂದಲೇ 500 ವೋಲ್ಟ್ ಖೋತಾ, ಅಕ್ಷರ ಕಲಸಲು ಅದು ಬೇಕಾದಷ್ಟಾಯಿತು. ಟಿವಿ ಓಡಿ ಬಿಸಿಯಾದಂತೆ ತೇವ ಆರುತ್ತದೆ, ಸೋರಿಕೆ ನಿಲ್ಲುತ್ತದೆ, ಚಿತ್ರ ತಿಳಿಯಾಗುತ್ತದೆ. ಹೀಗೆ ವರ್ಷಗಟ್ಟಲೆ ನಡೆದರೆ ಕಿಲುಬು ಬೆಳೆದು, ಕೊನೆಗೆ ಬೇಸಿಗೆಯಲ್ಲೂ ತಿಳಿಯಾಗುವುದಿಲ್ಲ.

ಪರಿಹಾರ ಹೊಸ ಸಾಕೆಟ್. ಹಳೆಯದನ್ನು ಒಣಗಿಸಿ, ಸ್ಪಿರಿಟ್ ಹಾಕಿ ತೊಳೆದರೆ ಒಂದು ಮಳೆಗಾಲ ತಳ್ಳಬಹುದು, ಅಷ್ಟೇ. ಕುತ್ತಿಗೆಯ ದಪ್ಪ ಮತ್ತು ಪಿನ್ನುಗಳ ಜೋಡಣೆ ಬೇರೆ ಬೇರೆ ಇರುವುದರಿಂದ ಹಳೆಯ ಸಾಕೆಟ್ಟನ್ನು ಕೈಯಲ್ಲಿ ಹಿಡಿದುಕೊಂಡೇ ಅಂಗಡಿಗೆ ಹೋಗಬೇಕು. ಬೋರ್ಡನ್ನು ನೇರ ಹಿಂದಕ್ಕೆ ಎಳೆಯಿರಿ, ತಿರುಚಬೇಡಿ. ಕುತ್ತಿಗೆಯ ಗಾಜು ಮುರಿದು 'ಸುಸ್' ಎಂದು ಗಾಳಿ ಒಳಹೋದರೆ ಅಲ್ಲಿಗೆ ಮುಗಿಯಿತು. ಹೊಸದು ಕೂರಿಸಿದಮೇಲೆ ಎಲ್‌ಒಟಿಯ ಫೋಕಸ್ ತಿರುಪನ್ನು ಪ್ಲಾಸ್ಟಿಕ್ ಸ್ಕ್ರೂಡ್ರೈವರಿನಿಂದ ಕೂದಲೆಳೆಯಷ್ಟು ತಿರುಗಿಸಿ, ಟಿವಿಯ ಮುಂದೆ ಒಂದು ಕನ್ನಡಿ ನಿಲ್ಲಿಸಿಕೊಂಡರೆ ಹಿಂದಿನಿಂದಲೇ ಅಕ್ಷರ ಕಾಣುತ್ತದೆ. ಅದರ ಪಕ್ಕದಲ್ಲೇ ಇರುವ, ಸಾಮಾನ್ಯವಾಗಿ ಕೆಳಗಿನ, ಸ್ಕ್ರೀನ್ ತಿರುಪಿಗೆ ಕೈ ಹಚ್ಚಬೇಡಿ. ಹಚ್ಚಿದರೆ ಪರದೆ ಬೆಳ್ಳಗಾಗಿ ಓರೆ ಗೆರೆಗಳು ಎದ್ದುಬಿಡುತ್ತವೆ.

ಹಿಂದಿನ ಮುಚ್ಚಳ ಬಿಚ್ಚುವುದು ಹುಡುಗಾಟವಲ್ಲ. ಸೋಲ್ಡರಿಂಗ್ ರೂಢಿಯಿಲ್ಲದವರು ಇದನ್ನು ಮೆಕ್ಯಾನಿಕ್ಕಿಗೆ ಬಿಡುವುದೇ ಲೇಸು. ಪ್ಲಗ್ ಕಿತ್ತಮೇಲೂ ಟ್ಯೂಬಿನ ಗಾಜು ಕೆಪಾಸಿಟರಿನಂತೆ ವಿದ್ಯುತ್ತನ್ನು ಹಿಡಿದಿಟ್ಟಿರುತ್ತದೆ. ಪ್ಲಗ್ ಕಿತ್ತು ಒಂದು ದಿನ ಬಿಡಿ. ಆಮೇಲೆ ಉದ್ದ ಹಿಡಿಯ ಸ್ಕ್ರೂಡ್ರೈವರಿಗೆ ಒಂದು ವೈರ್ ಕಟ್ಟಿ, ಅದರ ಇನ್ನೊಂದು ತುದಿಯನ್ನು ಟ್ಯೂಬಿನ ಕಪ್ಪು ಗ್ರಾಫೈಟ್ ಲೇಪದ ಮೇಲೆ ಹಾದುಹೋಗುವ ಬರಿ ತಂತಿಗೆ ಕಚ್ಚಿಸಿ. ಬೋರ್ಡಿನ ನೆಲಕ್ಕೆ (ಗ್ರೌಂಡ್) ಕಚ್ಚಿಸಿದರೆ ಐಸಿಗಳು ಸುಡಬಹುದು. ಒಂದು ಕೈ ಬೆನ್ನ ಹಿಂದೆ ಇರಲಿ, ಇನ್ನೊಂದರಿಂದ ಸ್ಕ್ರೂಡ್ರೈವರಿನ ತುದಿಯನ್ನು, ಎಲ್‌ಒಟಿಯ ದಪ್ಪ ವೈರು ಟ್ಯೂಬಿನ ಗಾಜಿಗೆ ಸೇರುವಲ್ಲಿನ ರಬ್ಬರ್ ಟೋಪಿಯ ಅಡಿಗೆ ತೂರಿಸಿ. 'ಟಪ್' ಅಂದರೂ ಅನ್ನಬಹುದು. ಐದು ನಿಮಿಷ ಬಿಟ್ಟು ಇನ್ನೊಮ್ಮೆ ಮುಟ್ಟಿಸಿ, ಗಾಜಿನೊಳಗೆ ಅಡಗಿದ್ದ ಚೂರುಪಾರು ಮತ್ತೆ ಮೇಲೆ ಬಂದಿರುತ್ತದೆ. ಪವರ್ ಸಪ್ಲೈನ ದೊಡ್ಡ ಕೆಪಾಸಿಟರಿನ 320 ವೋಲ್ಟ್ ಬೇರೆಯೇ ಲೆಕ್ಕ. ಅದನ್ನು ಇಳಿಸಲು ಎರಡು–ಮೂರು ಕಿಲೋಓಮಿನ, 10 ವಾಟಿನ ರೆಸಿಸ್ಟರ್ ಬೇಕು, ಆಮೇಲೆ ಮೀಟರ್ ಇಟ್ಟು ನೋಡಬೇಕು.

ಆ ರಬ್ಬರ್ ಟೋಪಿಯ ಸುತ್ತಲೇ ಕೊಡಗಿನ ಟಿವಿಗಳ ಎರಡನೇ ಕಾಯಿಲೆ ಇರುವುದು. ಕೋಣೆಯ ದೀಪ ಆರಿಸಿ ಹಿಂದಿನ ಜಾಲರಿಯಿಂದ ಇಣುಕಿದರೆ ನೀಲಿ ಮಿಣುಕು, ಜೊತೆಗೆ 'ಚಿರ್' ಸದ್ದು, ಮೂಗಿಗೆ ಓಜೋನಿನ ಘಾಟು. ಮಡಿಕೇರಿ ಸಮುದ್ರಮಟ್ಟದಿಂದ 1,100 ಮೀಟರಿಗೂ ಮೇಲಿದೆ. ಇಲ್ಲಿಯ ಗಾಳಿಯ ಒತ್ತಡ ಮಂಗಳೂರಿಗಿಂತ ಸುಮಾರು ಎಂಟನೇ ಒಂದು ಪಾಲು ಕಡಿಮೆ, ಗಾಳಿ ತೆಳುವಾದಷ್ಟೂ ಕಿಡಿ ಹಾರುವುದು ಸುಲಭ. ತಯಾರಕರು ಅಷ್ಟು ಎತ್ತರವನ್ನು ಲೆಕ್ಕ ಹಿಡಿದೇ ಮಾಡಿರುತ್ತಾರೆ, ಆದರೆ ಮಸಿಯ ಲೆಕ್ಕ ಅವರಿಗೆಲ್ಲಿ ಗೊತ್ತು? ಒಲೆಯ ಮೇಲಿನ ಅಟ್ಟ ಬೆಚ್ಚಗಿರುತ್ತದೆಂದು ಟಿವಿಯನ್ನು ಅಲ್ಲಿ ಏರಿಸಿಟ್ಟ ಮನೆಗಳಿವೆ. ಹೊಗೆಯ ಮಸಿ ಎಂದರೆ ಇಂಗಾಲ. ಅದಕ್ಕೆ ಮಳೆಗಾಲದ ತೇವ ಸೇರಿದರೆ ಗಾಜಿನ ಮೇಲೆ ವಿದ್ಯುತ್ತು ಹರಿಯಲು ರಸ್ತೆ ಹಾಕಿಕೊಟ್ಟಂತೆ. ಮೊದಲು ಒಣ ಬ್ರಷ್, ಆಮೇಲೆ ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿದ ಬಟ್ಟೆ. ಟೋಪಿಯ ಒಳಮೈ ಮತ್ತು ಅದರ ಸುತ್ತಲಿನ ಬರಿ ಗಾಜನ್ನಷ್ಟೇ ಒರೆಸಿ, ಆಚೆಯ ಗ್ರಾಫೈಟ್ ಲೇಪ ಕಿತ್ತುಬರಬಾರದು. ಆಲ್ಕೋಹಾಲ್ ಪೂರ್ತಿ ಆರಿ ವಾಸನೆ ಹೋಗುವ ತನಕ ಸ್ವಿಚ್ ಹಾಕಬೇಡಿ, ಒಂದು ಕಿಡಿ ಸಾಕು ಹೊತ್ತಿಕೊಳ್ಳಲು. ಟೋಪಿ ಸೀಳಿದ್ದರೆ ಬದಲಿಸಿ. ಕಣಜದ ಮಣ್ಣುಗೂಡು, ಹಲ್ಲಿ ಮೊಟ್ಟೆಗಳನ್ನೂ ಅದೇ ಕೈಯಲ್ಲಿ ತೆಗೆದುಬಿಡಿ.

ಮಿಕ್ಕ ದೋಷಗಳು ಎಲ್ಲ ಊರಿನವೂ ಹೌದು. ಪರದೆಯ ನಡುವೆ ಒಂದೇ ಅಡ್ಡಗೆರೆ ಬಂದರೆ ಚಿತ್ರವನ್ನು ಮೇಲೆ-ಕೆಳಗೆ ಹರಡುವ ವರ್ಟಿಕಲ್ ಐಸಿಯ ಕಾಲಿನಲ್ಲಿ ಡ್ರೈ ಸೋಲ್ಡರ್ (ಬಿರುಕು ಬಿಟ್ಟ ಬೆಸುಗೆ) ಇದೆಯೇ, ಪಕ್ಕದ ಕೆಪಾಸಿಟರ್ ಉಬ್ಬಿದೆಯೇ ನೋಡಿ. ಆ ಗೆರೆ ಇದ್ದಾಗ ಟಿವಿ ಓಡಿಸಬೇಡಿ, ಪರದೆಯೊಳಗಿನ ಹೊಳೆಯುವ ಫಾಸ್ಫರ್ ಲೇಪ ಸುಟ್ಟು ಗೆರೆಯ ಗುರುತು ಶಾಶ್ವತವಾಗುತ್ತದೆ. ಮೂಲೆಯಲ್ಲಿ ನೇರಳೆ–ಹಸಿರು ಮಚ್ಚೆ ಕಂಡರೆ ಹತ್ತಿರ ಸ್ಪೀಕರ್ ಇದೆಯೇ ಎಂದು ನೋಡಿ. ಟಿವಿಯ ದಿಕ್ಕು ಬದಲಿಸಿದರೂ ಭೂಕಾಂತದಿಂದ ಹೀಗಾಗುತ್ತದೆ. ಈ ಕಾಂತತೆಯನ್ನು ಅಳಿಸುವ ಒಳಗಿನ ಡಿಗಾಸ್ ಸುರುಳಿ, ಟಿವಿ ಆನ್ ಮಾಡಿದ ಮೊದಲ ಕ್ಷಣಗಳಲ್ಲಷ್ಟೇ ಕೆಲಸ ಮಾಡುತ್ತದೆ, ಅದರ ಥರ್ಮಿಸ್ಟರ್ ತಣಿಯಲು ಅರ್ಧ ಗಂಟೆ ಬೇಕು. ಪಟಪಟನೆ ಸ್ವಿಚ್ ಆರಿಸಿ ಹಾಕಿದರೆ ಏನೂ ಆಗದು.

ಸೆಟ್‌ಟಾಪ್ ಬಾಕ್ಸಿನ ಹಳದಿ, ಬಿಳಿ, ಕೆಂಪು ಪಿನ್ನುಗಳು ನೇರ ಕೂರುತ್ತವೆ. ಹಳೆಯ ಗೇಮುಗಳಿಗೆ ರಾಸ್ಪ್‌ಬೆರಿ ಪೈ 4 ಎಂಬ ಪುಟ್ಟ ಕಂಪ್ಯೂಟರಿನ 3.5 ಮಿಲಿಮೀಟರ್ ಜ್ಯಾಕ್ ಸಾಕು, ಆದರೆ ಅದರ ಬುಡದ ಉಂಗುರದಲ್ಲಿ ವಿಡಿಯೋ ಇರುವ ಕೇಬಲ್ಲೇ ಬೇಕು. ಕ್ಯಾಮೆರಾದ ಜೊತೆ ಬರುವ ಕೆಲವು ಕೇಬಲ್ಲುಗಳಲ್ಲಿ ನೆಲ ಮತ್ತು ವಿಡಿಯೋ ಅದಲುಬದಲಾಗಿರುತ್ತವೆ, ಚಿತ್ರವೇ ಬರುವುದಿಲ್ಲ. ಎಚ್‌ಡಿಎಂಐಯಿಂದ ಬದಲಿಸುವ ಅಗ್ಗದ ಪೆಟ್ಟಿಗೆ ತಡವನ್ನು ಮತ್ತೆ ತಂದಿಡುತ್ತದೆ, ಪಟ್ಟ ಶ್ರಮವೆಲ್ಲ ದಂಡ.

ಜೂನಿನಿಂದ ಸೆಪ್ಟೆಂಬರ್ ತನಕ ವಾರಕ್ಕೆ ಎರಡು ಸಲವಾದರೂ ಅರ್ಧ ಗಂಟೆ ಟಿವಿ ಓಡಲಿ, ಒಳಗಿನ ತೇವಕ್ಕೆ ಅದೇ ಒಲೆ. ಮೇಲೆ ಹತ್ತಿ ಬಟ್ಟೆ ಹೊದಿಸಿ. ಪ್ಲಾಸ್ಟಿಕ್ ಹೊದಿಸಿದರೆ ತೇವ ಒಳಗೇ ಕೂರುತ್ತದೆ. ಏಪ್ರಿಲ್–ಮೇ ಗುಡುಗಿಗೆ ಪ್ಲಗ್ ಕಿತ್ತರೆ ಸಾಲದು, ಡಿಶ್ಶಿನ ಕೇಬಲನ್ನೂ ಬಾಕ್ಸಿನಿಂದ ಬಿಚ್ಚಿ ಗೋಡೆಯಿಂದ ದೂರ ಎಸೆಯಿರಿ, ಸಿಡಿಲು ಆ ದಾರಿಯಲ್ಲೂ ಬರುತ್ತದೆ.

ಗುಜರಿಯಿಂದ ಕೊಳ್ಳುವವರು ಟಿವಿ ಹಾಕಿಸಿ, ಕತ್ತಲಲ್ಲಿ ಹಿಂದಿನಿಂದ ಕುತ್ತಿಗೆಯೊಳಗೆ ನೋಡಬೇಕು. ಕೆಂಡದಂಥ ಕಿತ್ತಳೆ ಬೆಳಕು ಕಂಡರೆ ಗನ್ನನ್ನು ಕಾಯಿಸುವ ಹೀಟರ್ ಬದುಕಿದೆ, ಚಿತ್ರ ಮಬ್ಬಿದ್ದರೂ ಬೆಲೆ ಇಳಿಸಿ ತನ್ನಿ. ಕುತ್ತಿಗೆಯ ತುಂಬ ನೇರಳೆ ಹೊಗೆಯಂಥ ಬೆಳಕು ತುಂಬಿದ್ದರೆ ಟ್ಯೂಬಿಗೆ ಗಾಳಿ ಹೊಕ್ಕಿದೆ, ಅದನ್ನು ಯಾವ ಸಾಕೆಟ್ಟೂ ಸರಿಮಾಡದು. ಹಾಗೆಂದು ಅದನ್ನು ತೋಟದ ಬದಿಯಲ್ಲಿ ಒಡೆಯಬೇಡಿ. ಹಿಂಬದಿಯ ಗಾಜಿನಲ್ಲಿ ಸೀಸವಿದೆ, ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೆ ಇಡಿಯಾಗಿಯೇ ಕೊಡಿ. ಸೆಟ್ಟಿನ ಎಲ್‌ಒಟಿ, ಯೋಕ್ (ಕುತ್ತಿಗೆಯ ಸುತ್ತಲಿನ ತಂತಿ ಸುರುಳಿ) ಮತ್ತು ಕಿಲುಬು ಹಿಡಿಯದ ಸಾಕೆಟ್ಟನ್ನು ಮಾತ್ರ ಮೊದಲೇ ಬಿಚ್ಚಿಟ್ಟುಕೊಳ್ಳಿ.