ಮುಹೂರ್ತ ಬಿಟ್ಟುಹೋದ ಲಗ್ನಪತ್ರಿಕೆ: ದೊಡ್ಡವರ ಎಡಿಎಚ್‌ಡಿ ಅಂದರೇನು?

ದಾವಣಗೆರೆಯಲ್ಲಿ ನನ್ನದೊಂದು ಸಣ್ಣ ಡಿಟಿಪಿ ಅಂಗಡಿ. ಮದುವೆ ಸೀಜನ್ ಬಂದರೆ ಲಗ್ನಪತ್ರಿಕೆಯೇ ಹೊಟ್ಟೆಪಾಡು. ಕೆಲವು ವರ್ಷದ ಹಿಂದೆ ಹರಿಹರದ ಕಡೆಯ ಹಿರಿಯರೊಬ್ಬರ ಮಗಳ ಮದುವೆ ಕಾರ್ಡಿಗೆ ಬಳ್ಳಿಯ ಅಂಚು ಬಿಡಿಸುತ್ತಾ ಕೂತೆ. ರಾತ್ರಿ ಎಂಟಕ್ಕೆ ಕೂತವನು ತಲೆ ಎತ್ತಿದಾಗ ಎರಡೂವರೆ. ಊಟ ಇಲ್ಲ, ಶಟರ್ ಅರ್ಧ ಎಳೆದು ಹಾಗೇ ಬಿಟ್ಟಿದ್ದೆ, ಮನೆಯಿಂದ ಹನ್ನೊಂದು ಮಿಸ್ಡ್ ಕಾಲ್. ಅಂಚು ಮಾತ್ರ ಸಖತ್ತಾಗಿ ಬಂದಿತ್ತು. 600 ಕಾರ್ಡು ಪ್ರಿಂಟಾಗಿ ಬಂದ ಮೇಲೆ ಹಿರಿಯರು ಒಂದನ್ನು ಕೈಗೆತ್ತಿಕೊಂಡು, ಕನ್ನಡಕ ಸರಿಮಾಡಿಕೊಂಡು, ಎರಡು ಸಲ ಓದಿದರು. "ಕಾರ್ಡು ಚೆನ್ನಾಗೈತಪ್ಪ. ಮುಹೂರ್ತ ಎಲ್ಲೈತಿ?"

ಮುಹೂರ್ತದ ಸಾಲೇ ಇರಲಿಲ್ಲ.

ಇದನ್ನು ಬೇಜವಾಬ್ದಾರಿ ಅನ್ನಬೇಕೋ, ಅತಿ ಶ್ರದ್ಧೆ ಅನ್ನಬೇಕೋ? ಎರಡೂ ಒಂದೇ ರಾತ್ರಿ ಒಬ್ಬನಿಂದಲೇ ಆಗಿದ್ದು. ಈ ಒಗಟಿಗೆ ಒಂದು ಹೆಸರಿದೆ ಅಂತ ನನಗೆ ಗೊತ್ತಾಗಿದ್ದು 37ನೇ ವಯಸ್ಸಿನಲ್ಲಿ.

ಅಟೆನ್ಷನ್ ಡೆಫಿಸಿಟ್ ಹೈಪರ್‌ಆಕ್ಟಿವಿಟಿ ಡಿಸಾರ್ಡರ್, ಚಿಕ್ಕದಾಗಿ ಎಡಿಎಚ್‌ಡಿ. ಮಾತಿಗೆ ಮಾತು ಇಟ್ಟರೆ ಗಮನದ ಕೊರತೆ, ಅತಿ ಚಟುವಟಿಕೆ. ಅಮೆರಿಕದ ಮನೋವೈದ್ಯರ ಕೈಪಿಡಿಯಲ್ಲಿ ಈ ಹೆಸರು ಬಂದಿದ್ದು 1987ರಲ್ಲಿ. ತೊಂದರೆ ಅದಕ್ಕಿಂತ ಹಳೆಯದು. 1902ರಲ್ಲೇ ಲಂಡನ್ನಿನ ಮಕ್ಕಳ ವೈದ್ಯ ಜಾರ್ಜ್ ಸ್ಟಿಲ್ ಇಂಥ ಮಕ್ಕಳ ಬಗ್ಗೆ ಉಪನ್ಯಾಸ ಕೊಟ್ಟಿದ್ದರು.

ಹೆಸರಿನ ಮೇಲೆ ನನ್ನದೊಂದು ತಕರಾರಿದೆ. 'ಕೊರತೆ' ಅನ್ನೋದು ದಾರಿ ತಪ್ಪಿಸುವ ಪದ. ಆರೂವರೆ ತಾಸು ಬಳ್ಳಿ ಬಿಡಿಸಿದವನಿಗೆ ಗಮನದ ಕೊರತೆ ಎಲ್ಲಿಂದ ಬಂತು? ಎತ್ತಿಗೆ ಬಲ ಬೇಕಾದಷ್ಟಿದೆ, ಮೂಗುದಾರ ಕೈಗೆ ಸಿಗುತ್ತಿಲ್ಲ. ಮನಸ್ಸಿಗೆ ರುಚಿ ಹತ್ತಿದ ಕೆಲಸಕ್ಕೆ ಅದು ಅಂಟಿಕೊಳ್ಳುತ್ತೆ. ಬೇಕೇ ಬೇಕಾದ ಕೆಲಸಕ್ಕೆ, ಅಂದರೆ ಕರೆಂಟ್ ಬಿಲ್ಲಿಗೆ, ಜಿಎಸ್‌ಟಿ ರಿಟರ್ನ್‌ಗೆ, ಎಳೆದರೂ ಬರಲ್ಲ. ನಾಳೆ ಕೊನೆ ದಿನ ಅಂದಾಗ ಮಾತ್ರ ಎದ್ದು ಓಡುತ್ತೆ.

'ಅತಿ ಚಟುವಟಿಕೆ' ಕೂಡ ಹಾಗೇ. ಹುಡುಗನಾಗಿದ್ದಾಗ ಬೆಂಚು ಹತ್ತಿ ಇಳಿಯುತ್ತಿದ್ದವನು ದೊಡ್ಡವನಾದ ಮೇಲೆ ಸುಮ್ನೆ ಕೂತಿರುತ್ತಾನೆ. ಓಟ ತಲೆಯೊಳಗೆ ಸೇರಿಕೊಂಡಿರುತ್ತೆ. ಕಾಲು ಅಲುಗುತ್ತಿರುತ್ತೆ, ಇನ್ನೊಬ್ಬರ ಮಾತು ಮುಗಿಯೋ ಮೊದಲೇ ಬಾಯಿ ಹಾಕಿರುತ್ತಾನೆ. ಇನ್ನು ಕೆಲವರಲ್ಲಿ, ಅದರಲ್ಲೂ ಹೆಣ್ಣುಮಕ್ಕಳಲ್ಲಿ, ಈ ಓಡಾಟ ಚಿಕ್ಕಂದಿನಲ್ಲೂ ಕಾಣಲ್ಲ. ಕಿಟಕಿ ನೋಡುತ್ತಾ ಕೂತ ಹುಡುಗಿಯನ್ನು 'ಪಾಪದವಳು' ಅಂತ ಬಿಟ್ಟುಬಿಡುತ್ತಾರೆ. ಹಾಗಾಗಿ ಎಷ್ಟೋ ಹೆಂಗಸರಿಗೆ ಇದು ಗೊತ್ತಾಗೋ ಹೊತ್ತಿಗೆ ಮಕ್ಕಳು ಕಾಲೇಜಿಗೆ ಬಂದಿರುತ್ತಾರೆ.

ದೊಡ್ಡವರಲ್ಲಿ ನೂರಕ್ಕೆ ಎರಡು ಮೂರು ಜನಕ್ಕೆ ಇದು ಇರಬಹುದು ಅನ್ನೋ ಅಂದಾಜಿದೆ. ಹುಟ್ಟಿನಿಂದ ಬರುವ ಮೆದುಳಿನ ಬೆಳವಣಿಗೆಯ ವ್ಯತ್ಯಾಸ ಇದು, ಮನೆತನದಲ್ಲಿ ಹರಿದು ಬರೋದು ಜಾಸ್ತಿ. ಸೋಮಾರಿತನ ಅಲ್ಲ. ಸಾಕಿದ ರೀತಿಯ ತಪ್ಪೂ ಅಲ್ಲ.

ಹಾಗಂತ ರೀಲ್ಸ್ ನೋಡಿ 'ನನಗೂ ಇದೆ' ಅಂದುಕೊಳ್ಳೋದು ಸುಲಭ. ಬೀಗದ ಕೈ ಯಾರು ಮರೆಯಲ್ಲ ಹೇಳಿ? ವೈದ್ಯರು ನೋಡೋದು ಬೇರೆ. ಗಮನದ ಒಂಬತ್ತು, ಚಡಪಡಿಕೆಯ ಒಂಬತ್ತು ಲಕ್ಷಣಗಳ ಎರಡು ಪಟ್ಟಿ ಇದೆ. 17 ತುಂಬಿದವರಲ್ಲಿ ಒಂದು ಪಟ್ಟಿಯಲ್ಲಾದರೂ ಐದು ಇರಬೇಕು. ಮನೆ, ಕೆಲಸ, ಸ್ನೇಹಿತರು, ಹೀಗೆ ಎರಡು ಕಡೆಯಾದರೂ ಅದರಿಂದ ತೊಂದರೆ ಆಗುತ್ತಿರಬೇಕು. ಮುಖ್ಯವಾಗಿ, ಒಂದಷ್ಟು ಲಕ್ಷಣ 12 ವರ್ಷದೊಳಗೇ ಕಾಣಿಸಿರಬೇಕು. ಹೋದ ವರ್ಷ ಫೋನ್ ಹುಚ್ಚು ಹಿಡಿದ ಮೇಲೆ ಶುರುವಾದ ಮರೆವು ಎಡಿಎಚ್‌ಡಿ ಅಲ್ಲ. ಥೈರಾಯ್ಡ್, ನಿದ್ದೆಗೇಡು, ಖಿನ್ನತೆ, ಆತಂಕ ಇವೂ ಹೀಗೇ ಕಾಣಿಸಬಹುದು, ಅದನ್ನೂ ನೋಡುತ್ತಾರೆ.

ರಕ್ತ ಪರೀಕ್ಷೆಯಲ್ಲೋ ಸ್ಕ್ಯಾನಲ್ಲೋ ಇದು ಗೊತ್ತಾಗಲ್ಲ. ಹಾಗಾಗಿ ನನ್ನ ವಿಷಯದಲ್ಲಿ ಅಮ್ಮನೇ ಸಾಕ್ಷಿ. "ಒಂದೇ ಮಳೆಗಾಲಕ್ಕೆ ಮೂರು ಛತ್ರಿ ಕಳಕೊಂಡು ಬಂದಿದ್ದ ಸಾರ್. ಅಂಗಡಿಗೆ ಉಪ್ಪು ತರಾಕೆ ಕಳಿಸಿದ್ರೆ ಗೋಲಿ ಆಡ್ಕೊಂಡು ಬರೋನು" ಅಂದಳು. ಡಾಕ್ಟರು ಅದನ್ನೆಲ್ಲ ಬರೆದುಕೊಂಡರು. ಮೂವತ್ತು ವರ್ಷ ಬೈಗುಳವಾಗಿದ್ದ ಕತೆ ಅವತ್ತು ಕೇಸ್ ಪೇಪರ್ ಸೇರಿತು. ನನಗೆ ಅಳು ಬಂದಿದ್ದು ಯಾಕೆ ಅಂತ ಅಮ್ಮನಿಗೆ ಇನ್ನೂ ಅರ್ಥವಾಗಿಲ್ಲ.

ಮಾತ್ರೆಗಳಿವೆ. ಹೆಚ್ಚಾಗಿ ಬರೆಯೋದು ಮಿಥೈಲ್‌ಫೆನಿಡೇಟ್, ಇಲ್ಲವೇ ಅಟಾಮಾಕ್ಸಿಟಿನ್. ಮೊದಲನೆಯದು ತೆಗೆದುಕೊಂಡ ದಿನವೇ ಕೆಲಸ ಶುರು ಮಾಡುತ್ತೆ, ಎರಡನೆಯದಕ್ಕೆ ಕೆಲವು ವಾರ ಬೇಕು. ಹಸಿವು ಕಡಿಮೆಯಾಗಬಹುದು, ಬಿಪಿ, ಎದೆಬಡಿತ ಸ್ವಲ್ಪ ಏರಬಹುದು. ವೈದ್ಯರ ಚೀಟಿ ಇಲ್ಲದೆ ತಗೊಳ್ಳೋ ಮಾತೇ ಇಲ್ಲ. ಮಿಥೈಲ್‌ಫೆನಿಡೇಟ್ ಎಲ್ಲ ಮೆಡಿಕಲ್ ಶಾಪಲ್ಲೂ ಸಿಗಲ್ಲ, ಹಾಗಾಗಿ ತೀರೋ ಮೊದಲೇ ಹುಡುಕಬೇಕು. ಇದನ್ನು ಮರೆಗುಳಿಗಳಿಗೆ ಹೇಳಬೇಕಾಗಿರೋದು ವಿಪರ್ಯಾಸ.

ಉಳಿದ ಕೆಲಸ ಗೋಡೆಯದು. ತಲೆಯಲ್ಲಿ ನಿಲ್ಲದ್ದನ್ನು ಕಣ್ಣೆದುರು ನಿಲ್ಲಿಸಬೇಕು. ನನ್ನ ಕಂಪ್ಯೂಟರ್ ಹಿಂದಿನ ಗೋಡೆಗೆ ಒಂದು ರಟ್ಟು ಅಂಟಿಸಿದ್ದೇನೆ: ವಾರ, ತಾರೀಖು, ಮುಹೂರ್ತ, ಛತ್ರದ ಹೆಸರು, ಫೋನ್ ನಂಬರ್. ಐದಕ್ಕೂ ಟಿಕ್ ಬಿದ್ದು, ಗಿರಾಕಿ ಸಹಿ ಹಾಕಿದ ಮೇಲೇ ಪ್ರಿಂಟ್. ಲೆಕ್ಕ ಬರೆಯೋ ದಿನ ತಮ್ಮ ಬಂದು ಪಕ್ಕದಲ್ಲಿ ಕೂರುತ್ತಾನೆ. ಸಹಾಯ ಏನೂ ಮಾಡಲ್ಲ, ಮಂಡಕ್ಕಿ ತಿನ್ನುತ್ತಾ ಪೇಪರ್ ಓದುತ್ತಾನೆ ಅಷ್ಟೇ. ಪಕ್ಕದಲ್ಲಿ ಒಬ್ಬರಿದ್ದರೆ ನಾನು ಎದ್ದು ಹೋಗಲ್ಲ. ಆಪ್ತ ಸಮಾಲೋಚಕರೂ ಇಂಥ ಉಪಾಯ ಹೇಳಿಕೊಡುತ್ತಾರೆ.

ಎಲ್ಲಿ ತೋರಿಸೋದು? ದಾವಣಗೆರೆಯ ಚಿಗಟೇರಿ ಜಿಲ್ಲಾ ಆಸ್ಪತ್ರೆ, ಇಲ್ಲಿನ ಎರಡು ಮೆಡಿಕಲ್ ಕಾಲೇಜುಗಳು, ಚಿತ್ರದುರ್ಗದವರಿಗೆ ಅಲ್ಲಿನ ಜಿಲ್ಲಾ ಆಸ್ಪತ್ರೆ. ಮನೋವೈದ್ಯ ವಿಭಾಗ ಅಂತ ಕೇಳಿ. ಅಷ್ಟು ದೂರ ಹೋಗೋಕೆ ಮನಸ್ಸಿಲ್ಲದಿದ್ದರೆ ಮೊದಲು ಟೆಲಿಮಾನಸ್, 14416. 2022ರಲ್ಲಿ ಶುರುವಾದ ಸರ್ಕಾರಿ ಸಹಾಯವಾಣಿ, ಹಗಲು ರಾತ್ರಿ ಇರುತ್ತೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಅಪಾಯಿಂಟ್‌ಮೆಂಟ್ ತಗೊಂಡರೆ ಇನ್ನೊಬ್ಬರಿಗೂ ಹೇಳಿಡಿ. ನಾನು ಮೊದಲ ಸಲದ್ದನ್ನೇ ಮರೆತಿದ್ದೆ. ಮಾರನೇ ದಿನ ಫೋನ್ ಮಾಡಿ ಸಾರಿ ಕೇಳಿದರೆ ಆ ಕಡೆಯ ಹುಡುಗಿ ನಕ್ಕಳು. "ಎಡಿಎಚ್‌ಡಿ ಅಂತ ಬರೆಸಿದ್ರಲ್ವಾ ಸರ್? ಇರ್ಲಿ ಬಿಡಿ, ಈ ಸಲ ನಾನೇ ಬೆಳಿಗ್ಗೆ ಫೋನ್ ಮಾಡ್ತೀನಿ."