ಮಾಲಿ ಪಾಟೀಲರು ತೋಟ ನೋಡಿಕೊಂಡವರಲ್ಲ

ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳಲ್ಲಿ ಮಾಲಿಪಾಟೀಲ, ಪೊಲೀಸ್ ಪಾಟೀಲ ಎಂಬ ಅಡ್ಡಹೆಸರುಗಳು ತೀರ ಸಾಮಾನ್ಯ. ವರ್ಗವಾಗಿ ಬಂದ ದಕ್ಷಿಣದ ಅಧಿಕಾರಿಗಳು ಮೊದಲನೆಯದನ್ನು ಹೂದೋಟದ ಮಾಲಿಯ ಮನೆತನವೆಂದೂ, ಎರಡನೆಯದನ್ನು ಪೊಲೀಸ್ ಇಲಾಖೆಯಲ್ಲಿದ್ದವರ ಮನೆತನವೆಂದೂ ತಿಳಿಯುವುದುಂಟು. ಹೊರಗಿನವರ ಮಾತಿರಲಿ, ಈ ಹೆಸರು ಹೊತ್ತ ಮನೆಗಳ ಹುಡುಗರೇ ಅನೇಕರು ಇವೆರಡಕ್ಕೂ ಇರುವ ವ್ಯತ್ಯಾಸವನ್ನು ಹೇಳಲಾರರು. ಹೂವಿನ ಕಾಯಕದವರಿಗೆ ನಮ್ಮಲ್ಲಿ ಹೂಗಾರ ಎಂಬ ಹೆಸರೇ ಇರುವಾಗ ಮಾಲಿ ಪಾಟೀಲರಿಗೆ ತೋಟ ಅಂಟಿಸುವ ಅಗತ್ಯವಿರಲಿಲ್ಲ.

ಗೊಂದಲದ ಮೂಲ ಭಾಷೆಯಲ್ಲಿದೆ. ಈ ‘ಮಾಲಿ’ ಅರಬ್ಬಿಯ ‘ಮಾಲ್’ ಎಂಬ ಪದದಿಂದ ಬಂದದ್ದು. ಆಸ್ತಿ, ಹಣ, ಕಂದಾಯ ಎಂಬುದು ಅದರ ಅರ್ಥ. ಗಂಜ್‌ನಲ್ಲಿ ‘ಮಾಲು ಬಂತು’ ಎನ್ನುವಾಗ ಬಳಸುವುದೂ ಇದೇ ಪದ. ಪಾಟೀಲನೆಂದರೆ ಊರಿನ ಮುಖ್ಯಸ್ಥ. ಹೀಗಾಗಿ ಮಾಲಿ ಪಾಟೀಲನೆಂದರೆ ಊರಿನ ಕಂದಾಯದ ಹೊಣೆ ಹೊತ್ತ ಪಾಟೀಲ. ಕಾವಲು ಮತ್ತು ಅಪರಾಧದ ವರದಿಯ ಹೊಣೆ ಹೊತ್ತವನು ಕೊತ್ವಾಲಿ ಪಾಟೀಲ. ‘ಪೊಲೀಸ್’ ಎಂಬ ಪದ ರೂಢಿಯಾದ ಮೇಲೆ ಅವನೇ ಪೊಲೀಸ್ ಪಾಟೀಲನಾದ.

ಈ ಜಿಲ್ಲೆಗಳು ಹಿಂದೆ ಹೈದರಾಬಾದಿನ ನಿಜಾಮರ ಕೈಕೆಳಗಿದ್ದವು. ಪಾಟೀಲಿಕೆ ನಿಜಾಮರ ಆಳ್ವಿಕೆಗಿಂತ ಎಷ್ಟೋ ಹಳೆಯದು. 1853ರಲ್ಲಿ ಹೈದರಾಬಾದಿನ ದಿವಾನರಾದ ಮೊದಲನೆಯ ಸಾಲಾರ್ ಜಂಗ್ ಕಂದಾಯದ ಗುತ್ತಿಗೆದಾರರನ್ನು ಬದಿಗೆ ಸರಿಸಿ, ರಾಜ್ಯವನ್ನು ಜಿಲ್ಲೆಗಳಾಗಿ ವಿಂಗಡಿಸಿದ 1865ರ ಜಿಲ್ಲಾಬಂದಿಯ ಮೂಲಕ ಸಂಬಳದ ತಾಲ್ಲೂಕದಾರರನ್ನೂ (ಜಿಲ್ಲೆಯ ಅಧಿಕಾರಿಗಳು) ತಹಸೀಲ್ದಾರರನ್ನೂ ಆಡಳಿತದ ಕೇಂದ್ರಕ್ಕೆ ತಂದರು. ಆದರೆ ಸಂಬಳದ ನೌಕರಿ ತಹಸೀಲು ಕಚೇರಿಯ ಹೊಸ್ತಿಲಿನಲ್ಲೇ ನಿಂತಿತು. ಅದರಾಚೆ, ಊರೊಳಗೆ, ತಂದೆಯಿಂದ ಮಗನಿಗೆ ಇಳಿಯುವ ವತನವೇ, ಅಂದರೆ ಭೂಮಿ ಸಹಿತದ ಹುದ್ದೆಯೇ, ಮುಂದುವರಿಯಿತು.

ಊರಿನಲ್ಲಿ ಕೆಲಸ ಹಂಚಿಕೆಯಾಗಿದ್ದ ಬಗೆಯನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಪಟವಾರಿ ಹೊಲದ ಲೆಕ್ಕ ಬರೆಯುತ್ತಿದ್ದ. ಆ ಲೆಕ್ಕದಂತೆ ರೈತರಿಂದ ಪಟ್ಟಿ (ಭೂಕಂದಾಯ) ವಸೂಲು ಮಾಡಿ ಸರ್ಕಾರದ ಖಜಾನೆಗೆ ಮುಟ್ಟಿಸುವುದು, ಜಮಾಬಂದಿಗೆ, ಅಂದರೆ ವರ್ಷದ ಕಂದಾಯ ಲೆಕ್ಕದ ತಪಾಸಣೆಗೆ, ಬಂದ ಅಧಿಕಾರಿಯ ಮುಂದೆ ಊರಿನ ಪರವಾಗಿ ನಿಲ್ಲುವುದು ಮಾಲಿ ಪಾಟೀಲನ ಕೆಲಸವಾಗಿತ್ತು. ಪೊಲೀಸ್ ಪಾಟೀಲನು ಕಳವು, ಹೊಡೆದಾಟ, ಅಸಹಜ ಸಾವುಗಳ ಸುದ್ದಿಯನ್ನು ಠಾಣೆಗೆ ತಲುಪಿಸಬೇಕಿತ್ತು, ಪಂಚನಾಮೆಗೆ ಹಾಜರಿರಬೇಕಿತ್ತು, ಊರಿಗೆ ಬಂದುಳಿದ ಅಪರಿಚಿತರ ಮೇಲೆ ಕಣ್ಣಿಡಬೇಕಿತ್ತು. ಹಣ ಒಬ್ಬನ ಕೈಯಲ್ಲಿ, ದಂಡ ಇನ್ನೊಬ್ಬನ ಕೈಯಲ್ಲಿ ಎಂಬ ಈ ಏರ್ಪಾಡು ಕಾಗದದ ಮೇಲೆ ಚೆನ್ನಾಗಿಯೇ ಕಾಣುತ್ತದೆ. ಆದರೆ ಕೆಲವು ಊರುಗಳಲ್ಲಿ ಎರಡೂ ವತನಗಳು ಒಂದೇ ಮನೆತನದ ಎರಡು ಕವಲುಗಳಲ್ಲಿದ್ದವು. ಪಟ್ಟಿ ಕಟ್ಟಲಾಗದ ರೈತನು ಅಣ್ಣನ ಮೇಲಿನ ದೂರನ್ನು ತಮ್ಮನ ಬಳಿ ಒಯ್ಯಬೇಕಾಗಿದ್ದಲ್ಲಿ ಆ ವಿಂಗಡಣೆಯಿಂದ ಅವನಿಗೆ ಎಷ್ಟು ಪ್ರಯೋಜನವಾಗಿದ್ದೀತು ಎಂಬುದನ್ನು ಓದುಗರೇ ಊಹಿಸಬಹುದು. ಇಬ್ಬರಿಗೂ ಓಡಾಡಿ ದುಡಿಯುತ್ತಿದ್ದವನು ತಳವಾರ. ಅವನ ಹೆಸರಿನ ಕಥೆಗೆ ಇನ್ನೊಂದು ಲೇಖನವೇ ಬೇಕು.

1948ರ ಸೆಪ್ಟೆಂಬರಿನಲ್ಲಿ ನಿಜಾಮರ ಆಳ್ವಿಕೆ ಮುಗಿಯಿತು. ಮರುವರ್ಷ ಜಾಗೀರುಗಳು ರದ್ದಾದವು. ಆದರೂ ಪಾಟೀಲ, ಪಟವಾರಿಗಳು ಉಳಿದರು. ನಿಜವಾದ ಕವಲು ಒಡೆದದ್ದು 1956ರ ನವೆಂಬರ್ 1ರಂದು. ಬೀದರ್ ಜಿಲ್ಲೆಯಲ್ಲಿದ್ದ ಉದಗೀರ, ನಿಲಂಗಾ, ಅಹಮದಪುರ ತಾಲ್ಲೂಕುಗಳು ಮುಂಬಯಿ ರಾಜ್ಯಕ್ಕೂ (ಮುಂದೆ ಮಹಾರಾಷ್ಟ್ರ), ಗುಲಬರ್ಗಾ ಜಿಲ್ಲೆಯಲ್ಲಿದ್ದ ಕೊಡಂಗಲ್, ತಾಂಡೂರು ಆಂಧ್ರಪ್ರದೇಶಕ್ಕೂ ಹೋದವು. ಒಂದೇ ತೆರನಾದ ಹುದ್ದೆಗಳು ಮೂರು ರಾಜ್ಯಗಳ ಕಾನೂನಿಗೆ ಸಿಕ್ಕಿದವು.

ನಮ್ಮ ಕಡೆ, ಅಂದರೆ ಆಗಿನ ಮೈಸೂರು ರಾಜ್ಯದಲ್ಲಿ, 1961ರ ಗ್ರಾಮಾಧಿಕಾರಗಳ ರದ್ದತಿ ಕಾಯ್ದೆ 1963ರ ಫೆಬ್ರುವರಿ 1ರಿಂದ ಜಾರಿಗೆ ಬಂದು ಎರಡೂ ಬಗೆಯ ಪಾಟೀಲಿಕೆಯನ್ನು ಒಟ್ಟಿಗೇ ಮುಗಿಸಿತು. ಹುದ್ದೆಗೆ ಅಂಟಿಕೊಂಡ ಭೂಮಿ ಸರ್ಕಾರದ ವಶಕ್ಕೆ ಹೋಗಿ, ಹಣ ಕಟ್ಟಿದ ಹಳೆಯ ವತನದಾರರಿಗೇ ಮರುಮಂಜೂರಾಗಲು ಅವಕಾಶವಾಯಿತು. ಲೆಕ್ಕದ ಕೆಲಸ ಸಂಬಳದ ಗ್ರಾಮಲೆಕ್ಕಿಗನಿಗೆ ಬಂತು. ಆ ಹುದ್ದೆಗೆ ಈಗ ಗ್ರಾಮ ಆಡಳಿತ ಅಧಿಕಾರಿ ಎಂಬ ದೊಡ್ಡ ಹೆಸರಿದೆ.

ಮಹಾರಾಷ್ಟ್ರ 1962ರಲ್ಲಿ ಕಂದಾಯದ ಪಾಟೀಲಿಕೆಯನ್ನು ಕೈಬಿಟ್ಟಿತಾದರೂ 1967ರ ಗ್ರಾಮ ಪೊಲೀಸ್ ಕಾಯ್ದೆಯ ಮೂಲಕ ಪೊಲೀಸ್ ಪಾಟೀಲನನ್ನು, ವಂಶದ ಹಕ್ಕಿಲ್ಲದೆ, ಸರ್ಕಾರ ನೇಮಿಸಿ ಗೌರವಧನ ಕೊಡುವ ಹುದ್ದೆಯಾಗಿ ಉಳಿಸಿಕೊಂಡಿತು. ಆಂಧ್ರದಲ್ಲಿ ಪಟೇಲ, ಪಟವಾರಿಗಳು ಎನ್.ಟಿ. ರಾಮರಾವ್ ಅವರ ಸರ್ಕಾರ 1984ರಲ್ಲಿ ಹುದ್ದೆಗಳನ್ನು ರದ್ದು ಮಾಡುವವರೆಗೂ ಇದ್ದರು. ಅಂದರೆ ಕೊಡಂಗಲ್ಲಿನ ರೈತ, ಪಕ್ಕದ ಸೇಡಂ ರೈತನಿಗಿಂತ ಎರಡು ದಶಕ ಹೆಚ್ಚು ಕಾಲ ವತನದಾರರ ಚಾವಡಿಗೆ ಅಲೆದ.

ಇದರಿಂದ ಇಂದಿಗೂ ಒಂದು ತೊಡಕು ಉಳಿದಿದೆ. ಭಾಲ್ಕಿಯ ಪೊಲೀಸ್ ಪಾಟೀಲರು ಸೊಸೆ ತರಲು ಉದಗೀರ ಕಡೆಗೆ ಹೋದರೆ, ಅಲ್ಲಿ ಹೊಸಬರು ಮೊದಲು ಕೇಳುವುದು ‘ಯಾವ ಊರಿಗೆ ಪೊಲೀಸ್ ಪಾಟೀಲರು?’ ಎಂದು. ಯಾವ ಊರಿಗೂ ಅಲ್ಲ, ಅದು ಬರಿಯ ಮನೆಹೆಸರು ಎಂದು ಇವರು ಬಿಡಿಸಿ ಹೇಳಬೇಕಾಗುತ್ತದೆ.